ಗಂಟು ಕಟ್ಟಿದ ಮುಸುರೆ

ಹೊಳೆನರಸೀಪುರದ ಕೋಟೆ ಬೀದಿಯ ಕೊನೆಯಲ್ಲಿ ಒಂದು ಖಾಲಿ ನಿವೇಶನವಿತ್ತು. ಬೀದಿಯ ಎಂಜಲು, ಸಿಪ್ಪೆ, ಹಳಸಿದ ಅನ್ನವೆಲ್ಲ ಅಲ್ಲೇ ಬೀಳುತ್ತಿತ್ತು. ಎರಡು ಸಾವಿರದ ನಾಲ್ಕರಲ್ಲಿ ಊರಿನ ಮಹಿಳಾ ಸಂಘದವರು ಮನೆಗೊಂದು ಹಸಿರು ಬಕೆಟ್ ಕೊಟ್ಟರು. ಅಡುಗೆಮನೆಯ ಕಸವನ್ನು ಅದರಲ್ಲಿ ಹಾಕಿಟ್ಟರೆ, ಬೆಳಿಗ್ಗೆ ಎಂಟಕ್ಕೆ ಸಂಘದ ಗುರುಸಿದ್ದಮ್ಮ ತಳ್ಳುಗಾಡಿಯಲ್ಲಿ ಒಯ್ಯುತ್ತಾಳೆ. ಹಳೇಕೋಟೆ ರಸ್ತೆಯಲ್ಲಿ ರೈತ ನಂಜಪ್ಪ ಬಿಟ್ಟುಕೊಟ್ಟ ಜಾಗದ ಗುಂಡಿಗಳಲ್ಲಿ ಅದು ಗೊಬ್ಬರವಾಗುತ್ತದೆ.

ಅದೇ ಬೀದಿಯ ಶ್ರೀರಂಗಮ್ಮನವರೂ ಒಪ್ಪಿದರು. ಆದರೆ ಎಂಟು ಗಂಟೆಯೆಂದರೆ ಅವರು ಮಡಿಯುಟ್ಟು ದೇವರ ಮುಂದೆ ಕೂರುವ ಹೊತ್ತು. ಆಗ ಮುಸುರೆ ಬಕೆಟ್ ಮುಟ್ಟುವಂತಿಲ್ಲ. ಅದಕ್ಕೇ ಸ್ನಾನಕ್ಕೆ ಮೊದಲೇ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಎರಡೆರಡು ಗಂಟು ಬಿಗಿದು, ಬಕೆಟ್ಟಿನಲ್ಲಿಟ್ಟು ಜಗಲಿಯ ತುದಿಗೆ ಇಡುತ್ತಿದ್ದರು. ಅವರನ್ನು ನೋಡಿ ಅಕ್ಕಪಕ್ಕದ ಆರೇಳು ಮನೆಯವರೂ ಹಾಗೆಯೇ ಮಾಡತೊಡಗಿದರು.

ಕವರು ಹಾಕಬಾರದಂತೆ ಎಂದು ಸೊಸೆ ಹಂಸ ಹೇಳಿದಳು. ಅವಳು ಶಾಲೆಯಲ್ಲಿ ವಿಜ್ಞಾನದ ಮೇಡಂ.

"ನಿನ್ನ ಬಿ.ಎಸ್ಸಿ. ಸ್ಕೂಲಲ್ಲೇ ಇರಲಿ ಕಣೆ," ಎಂದರು ಶ್ರೀರಂಗಮ್ಮ. "ಕವರಲ್ಲಿ ಕಟ್ಟಿಕೊಟ್ಟರೆ ಗುರುಸಿದ್ದಮ್ಮನಿಗೂ ಒಳ್ಳೇದೇ. ಅವಳ ಕೈ ಕೊಳೆಯಾಗಲ್ಲ."

ಎರಡು ತಿಂಗಳು ಕಳೆಯಿತು. ಒಂದು ಶನಿವಾರ ಗುರುಸಿದ್ದಮ್ಮ ಗಾಡಿಯಿಲ್ಲದೆ ಬಂದಳು. ಕವರುಗಳನ್ನು ಕಟ್ಟಿದಂತೆಯೇ ಹಾಕಿದ್ದ ಗುಂಡಿ ತೆಗೆದರೆ ಬರೀ ನಾತವೆಂದೂ, ಸೋಮವಾರದೊಳಗೆ ಸರಿಮಾಡದಿದ್ದರೆ ಮುಚ್ಚಿಸಿಬಿಡುತ್ತೇನೆಂದು ನಂಜಪ್ಪ ಹೇಳಿದ್ದಾರೆಂದೂ ತಿಳಿಸಿದಳು. ಗುಂಡಿ ಮುಚ್ಚಿದರೆ ಅವಳ ಕೆಲಸ ಹೋಗುತ್ತದೆ. ಕಸ ಮತ್ತೆ ಬೀದಿಯ ಕೊನೆಗೆ ಬೀಳುತ್ತದೆ.

"ನಾ ಯೋಳಿದ್ರೆ ನೀವು ನಂಬಾಕಿಲ್ಲ. ನಾಳೀಕೆ ಒಂದ್ಸಲ ಬಂದು ನೋಡ್ಬುಡಿ, ಅಮ್ಮಾವ್ರೇ," ಎಂದಳು.

ಭಾನುವಾರ ಅತ್ತೆ ಸೊಸೆ ಆಟೋ ಹತ್ತಿ ಹೋದರು. ನಂಜಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡು ಗುಂಡಿಯ ಪಕ್ಕ ನಿಂತಿದ್ದರು.

"ಒಳೀಕೆ ಗಾಳಿನೇ ಓಗ್ದೆ ಇದ್ರೆ ಗೊಬ್ರ ಎಂಗಾದದು, ಅಮ್ಮಾವ್ರೇ? ಉಪ್ಪಿನಕಾಯಿ ಆಕ್ದಂಗೆ ಮಡಗಿದ್ದೀರಿ. ಇದ್ನ ತೆಂಗಿನ ಬುಡುಕ್ಕೆ ಸುರೀಲಾ?"

ಶ್ರೀರಂಗಮ್ಮ ಗುರುಸಿದ್ದಮ್ಮನನ್ನು ನೋಡುತ್ತಿದ್ದರು. ಅವಳು ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಒಂದೊಂದೇ ಕವರು ಬಿಚ್ಚುತ್ತಿದ್ದಳು. ಹರಿದರೆ ಪ್ಲಾಸ್ಟಿಕ್ ಚೂರು ಗೊಬ್ಬರಕ್ಕೆ ಸೇರುತ್ತದೆ, ಅದಕ್ಕೇ ಬಿಚ್ಚಬೇಕು. ಒಳಗಿನ ಕಪ್ಪು ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಎರಡು ಗಂಟಿನ ಕವರೊಂದು ಉಗುರಿಗೆ ಬಗ್ಗಲಿಲ್ಲ. ಅವಳು ಅದನ್ನು ಹಲ್ಲಿನಿಂದ ಎಳೆಯಲು ಬಾಯಿಯ ಹತ್ತಿರ ತಂದಳು.

"ಬೇಡ. ಕೊಡು ಇಲ್ಲಿ," ಎಂದರು ಶ್ರೀರಂಗಮ್ಮ. "ಅದು ನಾನು ಕಟ್ಟಿದ್ದು."

ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕದಲ್ಲಿ ಕೂತರು. ಹಂಸಳೂ ಕೂತಳು. ಮೂವರೂ ಸೇರಿ ಬಿಚ್ಚಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕವರಿನಿಂದ ತೆಗೆದ ಕಸದ ಮೇಲೆ ಒಣಗಿದ ತರಗೆಲೆ ಹರಡಿದರು. ಎಲೆ ಹೆಚ್ಚಿನ ನೀರು ಹೀರಿಕೊಳ್ಳುತ್ತದೆ, ನಡುವೆ ಗಾಳಿಯಾಡಲು ಬಿಡುತ್ತದೆ, ನಾತ ಬರುವುದಿಲ್ಲ ಎಂದು ಗುರುಸಿದ್ದಮ್ಮ ವಿವರಿಸಿದಳು.

"ಗಾಡಿ ಆರೂವರೆಗೆ ಬರಬಹುದಾ? ನನ್ನ ಸ್ನಾನಕ್ಕೆ ಮೊದಲು?" ಎಂದು ಶ್ರೀರಂಗಮ್ಮ ಕೇಳಿದರು.

"ಮೊದ್ಲೇ ಕೇಳಿದ್ರೆ ಮೊದ್ಲೇ ಬತ್ತಿದ್ದೆ, ಅಮ್ಮಾವ್ರೇ."

ನಂಜಪ್ಪ ಇನ್ನೆರಡು ತಿಂಗಳು ನೋಡೋಣವೆಂದರು. ಶ್ರೀರಂಗಮ್ಮ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರು. ಮಡಿ ಎಲ್ಲಿಗೂ ಹೋಗಿರಲಿಲ್ಲ. ಮರುದಿನ ತಾವೇ ಅಕ್ಕಪಕ್ಕದ ಮನೆಗಳಿಗೆ ಹೋಗಿ, ತಪ್ಪು ತಮ್ಮಿಂದ ಶುರುವಾಯಿತೆಂದು ಒಪ್ಪಿಕೊಂಡು, ಕವರು ಬೇಡವೆಂದು ಹೇಳಿ ಬಂದರು. ದೀಪಾವಳಿಯ ಹೊತ್ತಿಗೆ ಗುಂಡಿಯಿಂದ ಕಂದು ಬಣ್ಣದ ಪುಡಿಗೊಬ್ಬರ ಬಂತು. ನಂಜಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ, ಮಂಕರಿಗೆ ತುಂಬಿಕೊಂಡರು.

ನಿಮ್ಮ ಬೀದಿಗೂ ನಮ್ಮ ಸಂಘದ ಗಾಡಿ ಬರುತ್ತಿದೆ. ಸಿಪ್ಪೆ, ಕಾಫಿ ಚರಟ, ಉಳಿದ ಅನ್ನ, ದೇವರ ಮೇಲಿನ ಬಾಡಿದ ಹೂವು, ಎಲ್ಲವನ್ನೂ ನೀರು ಬಸಿದು ಹಾಗೆಯೇ ಬಕೆಟ್ಟಿಗೆ ಹಾಕಿ. ಮೇಲೊಂದು ಹಿಡಿ ತರಗೆಲೆ ಉದುರಿಸಿ. ಕವರು, ಗಾಜು, ಬ್ಲೇಡು ಬೇರೆ ಇಡಿ. ಗಾಡಿಯ ಸಮಯ ನಿಮಗೆ ಹೊಂದದಿದ್ದರೆ ಕೇಳಿ, ಬದಲಿಸೋಣ. ನೀವು ಮುಟ್ಟಲೊಲ್ಲದ್ದನ್ನು ಕೊನೆಗೆ ಯಾರೋ ಒಬ್ಬರು ಮುಟ್ಟಲೇಬೇಕು. ಅವರ ಕೈಯನ್ನೂ ಸ್ವಲ್ಪ ನೆನೆಯಿರಿ.