ಗೋಬರ್ ಗ್ಯಾಸಿನ ಉಪವಾಸ

ಗುಳುಕ್.

ಎಲ್ಲರೂ ಮಲಗಿದ ಮೇಲೆ ಹಿತ್ತಿಲ ಕಡೆಯಿಂದ ಆ ಸದ್ದು ಬಂತು. ಸ್ವಲ್ಪ ತಡೆದು ಮತ್ತೆ, ಗುಳುಕ್. ಪಕ್ಕದಲ್ಲಿ ನನ್ನ ಗಂಡ ಶರಣಕುಮಾರ ಗೊರಕೆ ಹೊಡೆಯುತ್ತಿದ್ದರು. ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದಾಗಿನಿಂದ ಈ ಮನೆಯ ಸದ್ದುಗಳನ್ನು ಕಾಯುವ ಕೆಲಸ ನನ್ನದೇ. ನಲ್ಲಿ ತೊಟ್ಟಿಕ್ಕಿದರೂ, ಕರೆಂಟ್ ಹೋಗಿ ಫ್ಯಾನ್ ನಿಧಾನವಾದರೂ ಮೊದಲು ಎಚ್ಚರವಾಗುವುದು ನನಗೆ.

ಬ್ಯಾಟರಿ ಹಿಡಿದು ಹಿತ್ತಿಲಿಗೆ ಹೋದೆ. ಗೋಬರ್ ಗ್ಯಾಸಿನ ಗುಂಡಿಯ ಪಕ್ಕ ಯಾರೋ ಕುಕ್ಕರಗಾಲಲ್ಲಿ ಕುಳಿತಿದ್ದರು.

"ಯಾರದು?" ಎಂದೆ, ಕಳ್ಳನಾಗಿದ್ದರೆ ಅವನಿಗೆ ಕೇಳಿಸದಷ್ಟು ಮೆಲ್ಲಗೆ.

"ನಾನೇ ಅದೀನಿ. ಬ್ಯಾಟರಿ ಮಾರಿಗೆ ಹಿಡೀಬ್ಯಾಡ."

ನಮ್ಮ ಅತ್ತೆ ಸೂಗಮ್ಮ. ಮಡಿಲ ಹತ್ತಿರ ದೊಡ್ಡ ಪಾತೇಲಿ, ಕೈಯಲ್ಲಿ ಸೌಟು. ಪಾತೇಲಿಯಲ್ಲಿದ್ದುದನ್ನು ಒಂದೊಂದೇ ಸೌಟು ಗುಂಡಿಯ ಬಾಯಿಗೆ ಸುರಿಯುತ್ತಿದ್ದರು.

"ಏನ್ ಮಾಡಾಕತ್ತೀರಿ ಅತ್ತಿ?"

"ಇದರ ಉಪವಾಸ ಬಿಡಿಸಾಕತ್ತೀನಿ."

ಶ್ರಾವಣದ ಕೊನೆಯ ಸೋಮವಾರ ಅಂದು. ಮನೆಯವರೆಲ್ಲ ಹಗಲಿಡೀ ಉಪವಾಸವಿದ್ದು ರಾತ್ರಿ ಉಂಡಿದ್ದೆವು. ಅತ್ತೆ ಮಾತ್ರ ತುತ್ತು ಮುಟ್ಟದೆ ಎದ್ದುಹೋಗಿದ್ದರು. ಅವರ ಪಾಲಿನದೂ ಎಲ್ಲರೂ ಉಂಡು ಮಿಕ್ಕಿದ್ದೂ ಸೇರಿ ಗೋದಿ ಹುಗ್ಗಿ, ಹೋಳಿಗೆಯ ಹೂರಣ ಎಲ್ಲವೂ ಈಗ ಗುಂಡಿಗೆ ಹೋಗುತ್ತಿದ್ದವು. ವಿಚಾರಿಸಿದಾಗ ತಿಳಿಯಿತು, ಅತ್ತೆ ಒಂದು ವಾರದಿಂದ ಗುಂಡಿಗೆ ಸಗಣಿಯನ್ನೇ, ಅವರ ಮಾತಿನಲ್ಲಿ ಹೆಂಡಿಯನ್ನೇ, ಹಾಕಿರಲಿಲ್ಲ.

"ಮನಿಯಾಗ ಎಲ್ಲಾರೂ ವ್ರತ ಹಿಡೀತೀವಿ. ಇದೂ ನಮ್ಮ ಮನ್ಯಾಗೇ ಉಣತದ. ಇದೊಂದಕ್ಕ ಯಾಕ ಮಾಫಿ?"

"ಅದಕ್ಕ ಹೆಂಡಿ ಬೇಕ್ರಿ ಅತ್ತಿ, ಬೆಲ್ಲ ಅಲ್ಲ."

"ಏ ಅನು, ನೀ ಕಾಲೇಜ್ ಕಲ್ತಾಕಿ. ವಾರಗಟ್ಟಲೆ ಉಪವಾಸ ಇದ್ದಾಕಿಗೆ ಯಾರಾರ ಹೆಂಡಿ ಬಡಸ್ತಾರೇನ?"

ಕಾಲೇಜ್ ಕಲಿತ ನಾನು ಪಾತೇಲಿ ಖಾಲಿಯಾಗುವವರೆಗೂ ಬ್ಯಾಟರಿ ಹಿಡಿದು ನಿಂತೆ.

ಅತ್ತೆಗೆ ನಿದ್ದೆ ಬಾರದಿರಲು ಕಾರಣವಿತ್ತು. ಮರುದಿನ ಮಧ್ಯಾಹ್ನ ಅವರ ತಂಗಿ ಚಂದಮ್ಮ ಹುಮನಾಬಾದಿನಿಂದ ಭಜನಾ ಮಂಡಳಿಯ ಹೆಂಗಸರನ್ನು ಕರೆದುಕೊಂಡು ಊಟಕ್ಕೆ ಬರುವವರಿದ್ದರು. ಚಂದಮ್ಮನ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟುಗಳಿವೆ. ಅವು ಬಂದಾಗಿನಿಂದ ಅಕ್ಕತಂಗಿಯರ ಫೋನು ತಣ್ಣಗೆ ಮುಗಿದದ್ದೇ ಇಲ್ಲ. "ಅಕ್ಕಾ, ಬಿಸಲಿಗೆ ನಮ್ಮ ಮೀಟರ್ ಹಿಂದಕ ಓಡತದ. ನೀ ಇನ್ನಾ ಎಮ್ಮಿ ಹಿಂದ ಓಡಾಕತ್ತೀ?" ಎಂದು ತಂಗಿ ಹಂಗಿಸಿದಾಗ ಅತ್ತೆ, "ಬಾ, ನಮ್ಮ ಎಮ್ಮಿ ಉರಿ ಮ್ಯಾಲೇ ನಿಮ್ಮ ಮಂಡಳಿಗೆಲ್ಲ ಹುಗ್ಗಿ ಮಾಡಿ ಉಣಸ್ತೀನಿ" ಎಂದು ಮಾತು ಕೊಟ್ಟುಬಿಟ್ಟಿದ್ದರು.

ಅದನ್ನು ಕೇಳಿಸಿಕೊಂಡ ಶರಣಕುಮಾರ, ಫೋನಿನಲ್ಲಿದ್ದ ಚಂದಮ್ಮನಿಗೂ ಕೇಳುವಂತೆ, "ಎಲ್ಲಾರ ಮುಂದ ಇದು ಕೈ ಕೊಡ್ತಂದ್ರ ಗುಂಡಿ ಮುಚ್ಚಿಸಿ ಕಾರಿಗೆ ಶೆಡ್ ಹಾಕಸ್ತೀನಿ ನೋಡವ್ವಾ" ಎಂದಿದ್ದರು. ಅವರು ತಮಾಷೆ ಮಾಡುವವರಲ್ಲ. ಶೆಡ್ಡಿನ ತಗಡು ಆಗಲೇ ತಂದು ಗೋಡೆಗೆ ಒರಗಿಸಿದ್ದರು. ಅತ್ತೆ ದಿನಾ ಬೆಳಿಗ್ಗೆ ಎಮ್ಮೆಗಳಿಗಿಂತ ಮೊದಲು ಮಾತಾಡಿಸುವುದು ಆ ಗುಂಡಿಯನ್ನು. ಅದನ್ನು ಮುಚ್ಚಿದರೆ ಅವರು ಏನಾಗುತ್ತಾರೋ ಎಂದು ನನಗೆ ದಿಗಿಲು.

ಬೆಳಗಾದಾಗ ಗುಂಡಿಯ ಮೇಲಿನ ಕಬ್ಬಿಣದ ಡ್ರಮ್ ಎಂದೂ ಏರದಷ್ಟು ಮೇಲೇರಿತ್ತು. ಒಳಗೆ ಗ್ಯಾಸ್ ತುಂಬಿದಷ್ಟೂ ಅದು ಏರುತ್ತದೆ. ಅತ್ತೆ ಲಿಂಗಪೂಜೆಗೆ ಕುಳಿತ ಹೊತ್ತಿನಲ್ಲಿ ನಾನು ಗೋಬರ್ ಗ್ಯಾಸಿನ ದೊಡ್ಡ ಒಲೆಯ ಚಾವಿ ತಿರುಗಿಸಿ ಕಡ್ಡಿ ಗೀರಿದೆ. ಬರ್ನರಿನಿಂದ ಬಂದ ಗಾಳಿ ಕಡ್ಡಿಯನ್ನೇ ಆರಿಸಿತು. ಇನ್ನೊಂದು ಗೀರಿದೆ. ಅದನ್ನೂ ಉಫ್ ಎಂದಿತು. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಬೆಲ್ಲ ಹೆಚ್ಚಾಗಿ ಗುಂಡಿ ಹುಳಿಯಾಗಿತ್ತು. ಡ್ರಮ್ ತುಂಬ ಇದ್ದದ್ದು ಹತ್ತಿಕೊಳ್ಳದ ಗ್ಯಾಸ್.

ಚಾವಿ ಬಿಗಿಯಾಗಿ ಮುಚ್ಚಿದೆ, ಮೂರು ಸಲ ನೋಡಿದೆ. ಆಮೇಲೆ ನಮ್ಮ ಅಡುಗೆ ಗ್ಯಾಸಿನ ಸಿಲಿಂಡರನ್ನು ಉರುಳಿಸಿಕೊಂಡು ಹೋಗಿ ಹಿಂದಿನ ಉಗ್ರಾಣದಲ್ಲಿಟ್ಟೆ. ಗೋಬರ್ ಗ್ಯಾಸಿನ ಪೈಪು ಬರುವ ಗೋಡೆಯ ತೂತಿನಲ್ಲೇ ಅದರ ರಬ್ಬರ್ ಪೈಪನ್ನೂ ತೂರಿಸಿ, ಗೋಬರ್ ಗ್ಯಾಸಿನದೇ ಇನ್ನೊಂದು ಸಣ್ಣ ಒಲೆಗೆ ಜೋಡಿಸಿದೆ. ಸುಳ್ಳು ಹೇಳುವುದು ನನ್ನಿಂದಾಗದು. ಆದರೆ ಪೈಪು ತೂರಿಸುವುದು ಸುಳ್ಳು ಹೇಳಿದಂತಲ್ಲ ಎಂದುಕೊಂಡೆ.

"ದೊಡ್ಡ ಒಲಿ ಯಾಕ ಹಚ್ಚಿಲ್ಲ?" ಎಂದರು ಅತ್ತೆ, ಪೂಜೆ ಮುಗಿಸಿ ಬಂದು.

"ಅದು ಹತ್ತವಲ್ದರಿ," ಎಂದೆ. ಅದು ನಿಜ.

"ಅದರ ಬಾಯಿ ಕಟ್ಟಿರಬೇಕು. ಇರಲಿ, ಇದರ ಉರಿ ನೋಡು, ನೀಲಿ! ಉಪವಾಸದ ಪುಣ್ಯ."

ಮಂಡಳಿಯವರು ಬಂದರು. ಅತ್ತೆ ಎಲ್ಲರನ್ನೂ ಹಿತ್ತಿಲಿಗೆ ಕರೆದೊಯ್ದು ಡ್ರಮ್ಮಿಗೆ ವಿಭೂತಿ ಹಚ್ಚಿ ತೋರಿಸಿದರು. ಹೆಂಗಸರು ಗರ್ಭಿಣಿಯ ಹೊಟ್ಟೆ ನೋಡುವಂತೆ ಅದನ್ನು ಮೆಲ್ಲಗೆ ಮುಟ್ಟಿ ನೋಡಿದರು. ಒಳಗೆ ಬಂದಾಗ ಹುಗ್ಗಿ ಕುದಿಯುತ್ತಿತ್ತು.

"ಇಷ್ಟು ನೀಲಿ ಉರಿ ಎಮ್ಮಿಯಿಂದ ಬರತದ?" ಎಂದರು ಚಂದಮ್ಮ.

"ಎಮ್ಮಿ ಚಲೋ ಇರಬೇಕವ್ವಾ. ನಿಮ್ಮ ಸೂರ್ಯ ಮೋಡ ಆದ್ರ ಮಕ್ಕೋತಾನ. ನಮ್ಮ ಎಮ್ಮಿ ಮಳ್ಯಾಗೂ ಹೆಂಡಿ ಹಾಕತಾವ."

ಮಂಡಳಿ ನಕ್ಕಿತು. ಚಂದಮ್ಮ ತಮ್ಮ ಚೀಲ ಇಡುತ್ತೇನೆಂದು ಎದ್ದು ನೇರವಾಗಿ ಉಗ್ರಾಣಕ್ಕೆ ನಡೆದರು. ಸೌಟು ಕೈಯಲ್ಲೇ ಹಿಡಿದು ನಾನೂ ಓಡಿದೆ.

ತಡವಾಗಿತ್ತು. ಅವರು ಸಿಲಿಂಡರನ್ನು ನೋಡಿದರು. ಗೋಡೆಯೊಳಗೆ ಹೋದ ಪೈಪನ್ನು ನೋಡಿದರು. ನನ್ನನ್ನು ನೋಡಿದರು.

"ಈ ಕೆಂಪು ಎಮ್ಮಿ ಯಾವಾಗ ತಂದ್ರಿ?"

 ಅಷ್ಟರಲ್ಲಿ ಬಾಗಿಲ ಹೊರಗೆ ಶರಣಕುಮಾರರ ಚಪ್ಪಲಿ ಸದ್ದು. ಎಲ್ಲ ಮುಗಿಯಿತು ಎಂದುಕೊಂಡೆ. ಚಂದಮ್ಮ ಥಟ್ಟನೆ ಸಿಲಿಂಡರಿನ ಮೇಲೆ ಕುಳಿತು, ಸೀರೆಯನ್ನು ಸುತ್ತಲೂ ಹರಡಿಕೊಂಡು, ಚೀಲವನ್ನು ಪೈಪಿನ ಮುಂದಿಟ್ಟರು.

"ಇಲ್ಲ್ಯಾಕ ಕುಂತೀ ಚಿಗವ್ವಾ? ಖುರ್ಚಿ ತರಲೇನ?" ಎಂದರು ಒಳಬಂದ ಶರಣಕುಮಾರ.

"ಬ್ಯಾಡಪ್ಪಾ, ಮಣಕಾಲು ನೋಯಾಕತ್ತಾವ. ಇಲ್ಲೇ ತಂಪದ."

ಗ್ಯಾಸ್ ಜೋರಾಗಿ ಹೊರಹೋಗುವಾಗ ಸಿಲಿಂಡರ್ ತಣ್ಣಗಾಗುತ್ತದೆ. ಪಾಪ, ಅವರು ಹೇಳಿದ್ದೂ ನಿಜವೇ. ಶರಣಕುಮಾರ ಮೂಲೆಯಲ್ಲಿದ್ದ ಊಟದ ಪತ್ರೋಳಿ ಎಲೆಗಳ ಕಟ್ಟು ಎತ್ತಿಕೊಂಡು ಹೋದರು.

"ಸಿಲಿಂಡರ್ ಯಾಕ ಮುಚ್ಚಿದ್ರಿ ಸಣ್ಣತ್ತಿ?" ಎಂದು ಪಿಸುಗುಟ್ಟಿದೆ.

"ಅವ ಗುಂಡಿ ಮುಚ್ಚಿಸಿದ್ರ ಅಕ್ಕನೂ ಸೋಲಾರ್ ಹಾಕಸ್ತಾಳ. ಹ್ಯಾಂಗಿರತದ ನೋಡಮು ಅಂತ ಮೊದಲ ನಮ್ಮ ಮಾಳಗಿನೇ ಹತ್ತತಾಳ."

"ಹತ್ತಲಿ ಬಿಡ್ರಿ. ಏನದ ಅಲ್ಲಿ?"

ಚಂದಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬ್ಯಾಸಿಗ್ಯಾಗ ಹಪ್ಪಳ, ಶಂಡಗಿ. ಈಗ ತೊಳದ ಗೋದಿ ಒಣಹಾಕೀನಿ. ಆ ಪ್ಲೇಟಿನಂಥಾ ಜಾಗಾ ಎಲ್ಲಿ ಸಿಗಬೇಕು, ಹೇಳು? ಸ್ವಚ್ಛ ಗಾಜು, ಚಲೋ ಕಾವು, ನೀರು ತಾನೇ ಜಾರಿ ಹೋಗತದ. ಕೆಳಗ ಪ್ಲೇಟ್ ಅವ ಅಂತ ಸೂರ್ಯಗ ಗೊತ್ತೇ ಇಲ್ಲ."

"ಮತ್ತ ಮೀಟರ್ ಹಿಂದಕ ಓಡತದ ಅಂದ್ರಿ?"

"ಮೊದಲ ವಾರ ಓಡಿತ್ತವ್ವಾ. ಖರೇನ."

ಪಂಕ್ತಿ ಕೂತಿತು. ಶರಣಕುಮಾರ ಹುಗ್ಗಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಕೊನೆಗೆ ಬೆರಳು ನೆಕ್ಕುತ್ತ, "ಇರಲಿ ಬಿಡವ್ವಾ ಗುಂಡಿ. ಆ ತಗಡು ಎಮ್ಮಿ ಕೊಟ್ಟಿಗಿಗೇ ಹೊದಸ್ತೀನಿ" ಎಂದರು.

ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡು ನಿನ್ನೆಯಿಂದ ಮೊದಲ ಬಾರಿಗೆ ತಮ್ಮ ಎಲೆಗೂ ಹುಗ್ಗಿ ಹಾಕಿಕೊಂಡರು. ಮರುಗಳಿಗೆಯೇ ಉಪವಾಸದಿಂದ ಉರಿ ಹೇಗೆ ನೀಲಿಯಾಗುತ್ತದೆಂದು ಮಂಡಳಿಗೆ ವಿವರಿಸತೊಡಗಿದರು. ಘಾಟಬೋರಾಳದಲ್ಲಿ ತವರುಮನೆಯಿದ್ದ ಒಬ್ಬಾಕೆ, "ನಮ್ಮ ಅಣ್ಣನ ಮನ್ಯಾಗೂ ಒಂದು ಗುಂಡಿ ಅದ್ರಿ. ಅದಕ್ಕೂ ವ್ರತ ಹಿಡಸ್ಲೇನ್ರಿ?" ಎಂದು ಕೇಳಿದರು.

ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ.

"ಏನರ ಹೇಳಾಕಿದ್ದೇನ ಅನು?" ಎಂದರು ಅತ್ತೆ. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿರಲಿಲ್ಲ. ಎದುರು ಸಾಲಿನಲ್ಲಿ ಚಂದಮ್ಮ ಉಪ್ಪಿನಕಾಯಿಯ ಹೋಳನ್ನು ತದೇಕಚಿತ್ತದಿಂದ ಪರೀಕ್ಷಿಸುತ್ತಿದ್ದರು.

"ಅವರ ಗುಂಡಿಗೆ ಉಪವಾಸ ಒಗ್ಗಂಗಿಲ್ರಿ," ಎಂದೆ. "ಅದಕ್ಕ ದಿನಾ ಹೆಂಡಿ ಹಾಕಲಿ. ಎಲ್ಲಾ ಗುಂಡಿಗೂ ನಿಮ್ಮ ಕೈಗುಣ ಎಲ್ಲಿಂದ ಬರಬೇಕ್ರಿ ಅತ್ತಿ?"

"ಅದೂ ಖರೇ," ಎಂದರು ಅತ್ತೆ, ಹಿಗ್ಗಿ.

ನಾಳೆಯಿಂದ ಅವರು ಏಳುವ ಮೊದಲೇ ನಾನೆದ್ದು ಆ ಹುಳಿ ಗುಂಡಿಗೆ ಸುಣ್ಣದ ನೀರು, ಹೆಂಡಿ ಹಾಕಿ ಸರಿಪಡಿಸಬೇಕು. ಸಿಲಿಂಡರ್ ಇಷ್ಟು ಬೇಗ ಹೇಗೆ ಖಾಲಿಯಾಯಿತೆಂದು ಶರಣಕುಮಾರ ಕೇಳಿದರೆ ಮಾತು ಬದಲಿಸಬೇಕು. ತುಪ್ಪದ ಗಿಂಡಿ ಹಿಡಿದು ಚಂದಮ್ಮನ ಎಲೆಯ ಮುಂದೆ ಬಗ್ಗಿದಾಗ ಅವರು ತಲೆ ಎತ್ತಲಿಲ್ಲ, ನಾನೂ ಅವರ ಕಣ್ಣು ಹುಡುಕಲಿಲ್ಲ. ಎಂದಿಗಿಂತ ಹೆಚ್ಚು ತುಪ್ಪ ಹಾಕಿದೆ. ಅವರ ಮಾಳಿಗೆಯ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಮುಂದಿನ ಎಲೆಗೆ ಹೋದೆ.