ಇಪ್ಪತ್ತೆಂಟೋ ಮೂವತ್ತೋ

ಇಪ್ಪತ್ತೆಂಟಿಂಚಿಗೆ ಪೆನ್ಸಿಲ್ ಗೀಟು ಬಿದ್ದಿದೆ, ಕೊಂಚ ಸೊಟ್ಟ, ಇರಲಿ, ಗರಗಸ ನೆಟ್ಟಗೆ ಹೋದರೆ ಸಾಕು, ಮೇಜಿಗೆ ಇರುವುದು ಬೇವಿನ ಕಾಲು ನಾಲ್ಕೇ, ಗಿಡ್ಡ ಕೊಯ್ದುಬಿಟ್ಟರೆ ಎಳೆದು ಉದ್ದ ಮಾಡಲು ಇದೇನು ಶಾವಿಗೆ ಹಿಟ್ಟೇ — ರುದ್ರಮೂರ್ತಿ ಗರಗಸ ಎತ್ತಿದ, ಕೊಯ್ಯದೆ ಇಳಿಸಿದ, ಬೇವಿನ ಕಹಿ ವಾಸನೆ ಮೂಗಿಗೆ ಹಿತವಾಗಿದೆ, ಶಿವನಿ ಸ್ಟೇಷನ್ ಕಡೆಯಿಂದ ಬೆಳಗಿನ ರೈಲು ಕೂಗಿತು, ಅರವತ್ತೆರಡನೇ ವಯಸ್ಸಿಗೆ ಮೊದಲ ಮೇಜು, ಭಲೇ, ಅಜ್ಜಂಪುರದ ಬಡಗಿ ಸಿದ್ದಪ್ಪ ನಿನ್ನೆ ನಕ್ಕಿದ್ದ, ಮೇಜು ಅಂದ್ರೆ ಮೂವತ್ತಿಂಚು ಕಣಪ್ಪಾ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕಂತೀಯ, ಅವನಿಗೇನು ಗೊತ್ತು, ಇದು ಉಣ್ಣುವ ಮೇಜಲ್ಲ, ಬರೆಯುವ ಮೇಜಲ್ಲ, ಹೆಂಡತಿ ಮಲ್ಲಿಕಾಂಬಳ ಮೊಣಕೈ ಊರಲು ಒಂದು ಮೇಜು, ಮೂವತ್ತೇಳು ವರ್ಷ ಇಬ್ಬರೂ ಒಂದೇ ಕಂಬಳಿಯ ಮೇಲೆ ಪಕ್ಕಪಕ್ಕ ಕೂತು ಲಿಂಗಪೂಜೆ ಮಾಡಿದವರು, ಎಡ ಅಂಗೈಯಲ್ಲಿ ಲಿಂಗ, ಅಂಗೈ ಕಣ್ಣಿನ ನೇರಕ್ಕೆ, ಮಡಿಸಿದ ಮಂಡಿಯೇ ಮೊಣಕೈಗೆ ಆಸರೆ, ಅರ್ಧ ಗಂಟೆ ಅವಳು ಅಲ್ಲಾಡುತ್ತಿರಲಿಲ್ಲ — ಈಗ ಎರಡೂ ಮಂಡಿಗೆ ಆಪರೇಷನ್, ಇನ್ಮೇಲೆ ನೆಲದ ಮೇಲೆ ಕೂರಲೇಬೇಡಿ ತಾಯಿ ಎಂದುಬಿಟ್ಟರು ಡಾಕ್ಟರು, ಎರಡು ತಿಂಗಳಿಂದ ಪ್ಲಾಸ್ಟಿಕ್ ಕುರ್ಚಿ, ಕೈ ಗಾಳಿಯಲ್ಲಿ, ನಾಲ್ಕು ನಿಮಿಷಕ್ಕೆಲ್ಲ ಮುಗಿಸಿ ಎದ್ದುಬಿಡುತ್ತಾಳೆ, ಎದ್ದವಳ ಮುಖ ಅರ್ಧ ಊಟಕ್ಕೆ ಎಬ್ಬಿಸಿದವಳ ಹಾಗೆ, ನೋಡಲಾಗುವುದಿಲ್ಲ, ಪಾಪ ಕೈ ಸೋಲುತ್ತದೆ, ಲೇ ಬಾರೇ ಇಲ್ಲಿ, ಕೊಯ್ಯೋಕೆ ಮುಂಚೆ ಇನ್ನೊಂದ್ಸಲ ಕೂತು ನೋಡು.

ಬಂದಳು, ಕೋಲು ಊರಿಕೊಂಡು, ಕುರ್ಚಿಯಲ್ಲಿ ಕೂತಳು, ಇಟ್ಟಿಗೆ ಪೇರಿಸಿ ಮೇಲಿಟ್ಟ ಹಲಗೆಗೆ ಎಡ ಮೊಣಕೈ ಊರಿದಳು, ಸರಿಯಾಗಿ ಇಪ್ಪತ್ತೆಂಟಿಂಚು, ಅಂಗೈ ಕಣ್ಣಿನ ನೇರಕ್ಕೆ ಬಂತು, ಆಹಾ, ಹೆಂಗಿದೆ ನನ್ನ ಲೆಕ್ಕ, ಹೂಂ ಚೆನ್ನಾಗೈತೆ ಬಿಡ್ರೀ, ಮತ್ತೆ ನೀವೆಲ್ಲಿ ಕೂರ್ತೀರಿ, ನಂದೇನೇ, ನಾನು ಎಂದಿನಂಗೆ ಕೆಳಗೆ, ಅವಳು ಕೈ ತೆಗೆದೇಬಿಟ್ಟಳು, ಹಂಗಾದ್ರೆ ಈ ಮೇಜು ಬ್ಯಾಡ ಕಣ್ರೀ, ನೀವು ಕೆಳಗೆ ಕೂತ್ರೆ ನಿಮ್ಮ ಕೈಯಾಗಿನ ಲಿಂಗ ನನ್ನ ಕಾಲ ಹತ್ರ ಬತ್ತದೆ, ನನ್ನ ಪಾದ ಅಲ್ಲಿ ಆಡ್ತಿರ್ತವೆ, ಹೆಂಗ್ರೀ ಕೂರ್ಲಿ ನಾನು, ಅದಕ್ಕೇ ಗಡಿಬಿಡೀಲಿ ಮುಗಿಸಿ ಏಳ್ತಿದ್ದೆ, ಕೈ ಸೋತು ಅಂದ್ಕಂಡ್ರಾ — ಥೂ ನನ್ನ ಬುದ್ಧಿಗಿಷ್ಟು, ಎರಡು ತಿಂಗಳು ಅವಳ ಕೈಯನ್ನೇ ನೋಡಿದೆ, ಟೇಪು ಹಿಡಿದು ಮೊಣಕೈ ಅಳೆದೆ, ಭುಜ ಅಳೆದೆ, ಅವಳು ಕೂತಲ್ಲೇ ಪಾದ ಹಿಂದಕ್ಕೆಳೆದುಕೊಳ್ಳುತ್ತಿದ್ದುದನ್ನು ಒಂದು ದಿನವೂ ನೋಡಲಿಲ್ಲ, ಮೊದ್ಲೇ ಹೇಳಬಾರದೇನೇ, ಹೇಳಿದ್ರೆ ನೀವು ಬ್ಯಾರೆ ಕೋಣೇಲಿ ಕೂತ್ಬಿಟ್ರೆ, ಅಯ್ಯೋ, ಅದಕ್ಕೆ ಹೆದರಿದ್ದಳೇ ಇವಳು, ನಗು ಬಂತು, ಕಣ್ಣೂ ಉರಿಯಿತು, ಬೇವಿನ ಪುಡಿ ಇರಬೇಕು, ಬೇವಿನ ಪುಡಿಯಂತೆ, ಯಾರಿಗೆ ಹೇಳುತ್ತೀಯ, ಒಳಗಿಂದ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿ ಕೂತ, ತನಗೆ ಹಲಗೆ ತಗ್ಗು, ಸಿದ್ದಪ್ಪನ ಮೂವತ್ತೇ ಬೇಕು, ಹಂಗಾರೆ ಮೂವತ್ತಕ್ಕೇ ಕೊಯ್ರೀ, ನಾನು ಕಂಬಳಿ ಮಡಿಸಿ ಹಾಕ್ಕಂಡು ಎತ್ತರ ಆಯ್ತೀನಿ, ಆಗಲ್ಲ ಕಣೇ, ಪಾದ ನೆಲಕ್ಕೆ ತಾಗ್ತಿರಬೇಕು ಅಂದಿಲ್ವ ಡಾಕ್ಟ್ರು, ಇಪ್ಪತ್ತೆಂಟೇ ಇರಲಿ, ಎದ್ದು ಹೋಗಿ ಅಡುಗೆಮನೆಯಿಂದ ತಾನು ಉಣ್ಣಲು ಕೂರುವ ಮಣೆ ತಂದ, ಎರಡಿಂಚು ದಪ್ಪ, ಹಲಗೆಯ ಮೇಲಿಟ್ಟು ಅದರ ಮೇಲೆ ಮೊಣಕೈ ಊರಿದ, ಕೂರೋ ಮಣೆ ಮ್ಯಾಲೆ ಕೈಯಾ ಎಂದು ಅವಳು ನಕ್ಕಳು, ತೊಳೆದಿದೀನಿ ಸುಮ್ನಿರು, ಎಲ್ಲಿ ಕೈ ಎತ್ತು ನೋಡಾಣ, ಎತ್ತಿದಳು, ತಾನೂ ಎತ್ತಿದ, ಸರಿ ಇನ್ನು ಏಳು, ಕೊಯ್ಯಬೇಕು, ಅವಳು ಏಳಲಿಲ್ಲ, ಪಾದ ಹಿಂದಕ್ಕೆಳೆದುಕೊಳ್ಳಲೂ ಇಲ್ಲ, ಪೂಜೆಯ ಹೊತ್ತಲ್ಲ ಇದು, ಕೈಯಲ್ಲಿ ಏನೂ ಇಲ್ಲ, ಆದರೂ ಅಂಗೈಯನ್ನೇ ನೋಡುತ್ತಿದ್ದಾಳೆ, ನಾಲ್ಕು ನಿಮಿಷ ಎಂದೋ ದಾಟಿತು, ಗರಗಸ ಅಲ್ಲೇ ಬಿದ್ದಿರಲಿ, ಖಾಲಿ ಅಂಗೈ ಎರಡು, ಒಂದೇ ಎತ್ತರದಲ್ಲಿ, ಅವಳದು, ಪಕ್ಕದಲ್ಲೇ ತನ್ನದು, ಅವಳದು —