ಮೈನರ್

ಟಪ್, ಸರ್ರ್, ಟಪ್, ಸರ್ರ್ — ತಲೆ ಎತ್ತಬೇಕಾಗಿಲ್ಲ, ನಂಜಮ್ಮನೇ, ಕಾಫಿ ಹಣ್ಣಿನ ಮೂಟೆ ಹೊತ್ತು ತೂಕದ ಕಟ್ಟೆಗೆ ಬರುತ್ತಿದ್ದಾಳೆ, ಇಪ್ಪತ್ತು ಹೆಂಗಸರ ಹೆಜ್ಜೆಯೊಳಗೂ ಆ ಎಳೆಯುವ ಕಾಲು ಬೇರೆಯೇ ಕೇಳಿಸುತ್ತದೆ, ಜಾವಳಿ ಎಸ್ಟೇಟಿನ ರೈಟರ್ ಯಜ್ಞನಾರಾಯಣ ಹಾಜರಿ ಪುಸ್ತಕದಿಂದ ಕಣ್ಣು ಕೀಳಲಿಲ್ಲ, ಕಣ್ಣಿಗೆ ಅಕ್ಷರವೂ ಕಾಣುತ್ತಿಲ್ಲ, ಹೋದ ವರ್ಷ, ಎಂಬತ್ತಮೂರರ ಡಿಸೆಂಬರ್, ಇದೇ ಕೊಯ್ಲು, ಪರದೇಶದಲ್ಲಿ ಕಲಿತ ಡಾಕ್ಟರು ಮೂಡಿಗೆರೆಯಲ್ಲಿ ಶಿಬಿರ ಹಾಕಿದ್ದರು, ಎಸ್ಟೇಟು ಕೊಟ್ಟ ಚೂಪು ಮೂತಿಯ ಬೂಟಿನಲ್ಲಿ ಹತ್ತು ವರ್ಷ ನಲುಗಿದ ಕಾಲು ಅವಳದು, ಹೆಬ್ಬೆರಳ ಬುಡದಲ್ಲಿ ನಿಂಬೆಹಣ್ಣಿನಂಥ ಗಂಟು, ಸೀಳೋದೇನೂ ಬೇಡಮ್ಮ, ಎಳ್ಳಿನಷ್ಟು ತೂತು ಸಾಕು, ಅದರೊಳಗಿಂದಲೇ ಎಲುಬು ಕೊಯ್ದು ಬೆರಳು ನೆಟ್ಟಗೆ ಮಾಡ್ತೀನಿ, ಅಂದರಂತೆ, ಮಾಡಿಯೂ ಬಿಟ್ಟರು, ಗಾಯದ ಕಟ್ಟು ಬಿಚ್ಚಿದಾಗ ತೋರಿಸಿದ್ದಳಲ್ಲ, ಎಳ್ಳಿನಷ್ಟೇ ಕಲೆ, ನೆಟ್ಟಗಿನ ಬೆರಳು, ನೋಡಿ ರೈಟ್ರೇ, ಮದುಮಗಳ ಕಾಲಾಯ್ತು ನಂದು — ಆ ನಗು, ಅಯ್ಯೋ ಆ ನಗು.

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಎರಡೇ ಸಾಲು, ಇಂಗ್ಲಿಷು, ಮೊದಲನೆಯದು ಗಾಯ ಮೈನರ್, ಎರಡನೆಯದು ಎಲುಬು ಕೂಡುವ ತನಕ ಆರು ವಾರ ಇಳಿಜಾರಿಗೆ ಇಳಿಸಕೂಡದು, ಹಣ್ಣು ಮಾಗಿ ಉದುರುತ್ತಿತ್ತು, ಜಗಲಿಯಲ್ಲಿ ಧಣಿಗಳು, ಏನ್ರೀ ಬರ್ದಿದಾರೆ, ಮೈನರ್ ಅಂತ ಇದೆ ಸ್ವಾಮಿ, ಅಷ್ಟೇ ಓದಿ ಮಡಚಿದ, ಎಸ್ಟೇಟಿನಲ್ಲಿ ಮೈನರ್ ಎಂದರೆ ಅರೆಗೂಲಿಯ ಮಕ್ಕಳು, ಮೇಸ್ತ್ರಿ ಬಿಡುತ್ತಾನೆಯೇ, ಓಹೋ, ನಂಜಮ್ಮ ಮೈನರಾದ್ಲು ಮಾರಾಯ್ರೇ, ನಾಳೆಯಿಂದ ಮಕ್ಕಳ ಸಾಲಲ್ಲಿ ನಿಲ್ಸಿ, ಎಲ್ಲರೂ ನಕ್ಕರು, ಅವಳೂ ನಕ್ಕಳು, ತಾನೂ — ಎರಡನೇ ಸಾಲು ಕಾಣಲಿಲ್ಲವೆ? ಕಂಡಿತ್ತು, ಧಣಿಗಳ ಗಂಟಿಕ್ಕಿದ ಹುಬ್ಬೂ ಕಂಡಿತ್ತು. ಕಾಫಿ ಗಿಡದ ತೊಗಟೆಯ ಏಣು ನೋಡಿಯೇ ಒಳಗೆ ಹುಳು ಕೊರೆದಿದೆಯೆಂದು ಹೇಳುವವನು, ಚರ್ಮದಡಿ ತುಂಡಾಗಿ ಬಿದ್ದ ಎಲುಬನ್ನು ಕಾಣದವನಂತೆ ಕುಳಿತ, ಮರುದಿನವೇ ಅವಳನ್ನು ಕೊಯ್ಲಿಗೆ ಇಳಿಸಿದರು, ಒಂಬತ್ತನೆಯ ದಿನ ಇಳಿಜಾರಿನಲ್ಲಿ ಜಾರಿದಳು, ಬೆರಳು ವಾಲಿತು, ಪಕ್ಕದ ಬೆರಳ ಮೇಲೇರಿ ಕುಳಿತೇ ಬಿಟ್ಟಿತು.

ರೈಟ್ರೇ, ಅನ್ನುತ್ತ ನಂಜಮ್ಮ ಮೂಟೆ ಇಳಿಸುತ್ತಿದ್ದಾಳೆ, ನಾಡಿದ್ದು ಆ ಡಾಕ್ಟ್ರು ಪುನಃ ಬರ್ತಾರಂತೆ, ಬಾ, ಸರಿ ಮಾಡ್ತೀನಿ ಅಂತ ಹೇಳಿ ಕಳ್ಸಿದಾರೆ, ನಾನಂತೂ ಹೋಗಲ್ಲಪ್ಪ, ಕೈಗುಣ ಇಲ್ಲದ ಮನುಷ್ಯ, ಸಣ್ಣ ಗಾಯ ಅಂತ ನೀವೇ ಓದಿ ಹೇಳಿದ್ರಲ್ಲ, ಅಷ್ಟು ಸಣ್ಣದನ್ನೂ ಕೆಡಿಸಿದ್ರು ನೋಡಿ — ಈಗ ಹೇಳಬೇಕು, ಕೆಟ್ಟಿದ್ದು ಅವರ ಕೈಯಲ್ಲ ನಂಜಮ್ಮ, ನನ್ನ ನಾಲಿಗೆ, ಹೇಳಿದರೆ ಹೋಗುತ್ತಾಳೆ, ಕಾಲು ಉಳಿಯುತ್ತದೆ, ಹೇಳಿದರೆ ನಾಳೆ ಕೂಲಿಗಳ ಇಡೀ ಲೈನ್‌ಮನೆಗೆ ಗೊತ್ತು, ಯೂನಿಯನ್ನಿಗೆ ಗೊತ್ತು, ಧಣಿಗಳು ನಾನೇನು ಕಂಡೆ, ಓದಿದವನು ಅವನು, ಅನ್ನುತ್ತಾರೆ, ಬಾಯಿ ತೆರೆದ, ತೆರೆದ ಬಾಯಿಯಿಂದ ಬಂದದ್ದು, ತಕ್ಕಡಿಗೆ ಇಡು ನಂಜಮ್ಮ, ಹಿಂದೆ ಜನ ಕಾಯ್ತಿದಾರೆ, ಇಟ್ಟಳು, ಹಿಮ್ಮಡಿಯ ಮೇಲೆ ಭಾರ ಹಾಕಿ ನಿಂತಳು, ಮಣ್ಣು ಮೆತ್ತಿದ ಬೆರಳ ಬುಡದಲ್ಲಿ ಆ ಕಲೆಯೊಂದೇ ಚೊಕ್ಕಟ, ಎಳ್ಳಿನಷ್ಟು, ಬೆಳ್ಳಗೆ, ಎಳ್ಳಿನಷ್ಟು —